ಐದು ತಾಸು ಕೆಲಸಕ್ಕೆ ಒಂದು ಹಾಸಿಗೆ

ನಮ್ಮ ಕಡೆ ಬೆಡ್‌ಶೀಟು ಒಣಗಿಸೋಕೆ ಹಗ್ಗ ಬೇಕಿಲ್ಲ, ಬಂಡೆ ಇವೆ. ಹನ್ನೊಂದರ ಹೊತ್ತಿಗೆ ಕಾದು ಹೆಂಚಾಗಿರುತ್ತವೆ. ಅವ್ವ ಒಗೆದ ಶೀಟನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜೋರಾಗಿ ಝಾಡಿಸುತ್ತಿದ್ದಳು. ಹನಿ ಚಿಮ್ಮಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಆಮೇಲೆ ಬಂಡೆ ಮೇಲೆ ಹಾಸುವುದು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರುವುದು ನನ್ನ ಕೆಲಸ. ಅರ್ಧ ತಾಸಿಗೊಮ್ಮೆ ಮಗುಚಬೇಕು. ಒಣಗಿದ ಶೀಟನ್ನು ಮೂಗಿಗೆ ಹಿಡಿದರೆ ಬಿಸಿ ಕಲ್ಲಿನ ವಾಸನೆ.

ವಿರೂಪಾಪುರ ಗಡ್ಡೆಯ ಒಂದು ಗೆಸ್ಟ್‌ಹೌಸಿನಲ್ಲಿ ಅವ್ವನಿಗೆ ಕೆಲಸ. ಹಂಪಿಯಿಂದ ಹೊಳೆ ದಾಟಿದರೆ ಬರುವ ಜಾಗ, ನಮ್ಮ ಗಂಗಾವತಿ ತಾಲೂಕಿಗೆ ಸೇರಿದ್ದು. ಹೊರಗಿನವರು ಅದನ್ನು ಹಿಪ್ಪಿ ಐಲ್ಯಾಂಡ್ ಅನ್ನುತ್ತಿದ್ದರು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಗುಡಿಸಲು, ಗುಡಿಸಲ ಮುಂದೆ ಕಟ್ಟಿದ ಜೋಲಿ, ಜೋಲಿಯೊಳಗೆ ಬಿಳಿ ಕಾಲು. ಕೆಲವು ಹೋಟೆಲ್ ಬೋರ್ಡುಗಳಲ್ಲಿ ಕನ್ನಡ ಇರುತ್ತಿರಲಿಲ್ಲ, ಹೀಬ್ರೂ ಇರುತ್ತಿತ್ತು. ಇಸ್ರೇಲಿನ ಹುಡುಗ ಹುಡುಗಿಯರು ಮಿಲಿಟರಿ ಸೇವೆ ಮುಗಿಸಿ ಗುಂಪು ಗುಂಪಾಗಿ ಬರುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ನನಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತಿರಲಿಲ್ಲ. ಆದರೆ 'ಶಾಲೋಮ್' ಅಂದು ಬಾಳೆಹಣ್ಣು ಮಾರಲು ಬರುತ್ತಿತ್ತು.

ಒಂದು ಸಲ ಒಬ್ಬ ಹುಡುಗ ಬಂದು ಬಂಡೆ ಮೇಲಿನ ಶೀಟುಗಳ ಫೋಟೋ ತೆಗೆಯತೊಡಗಿದ. ಇಪ್ಪತ್ತು ನಿಮಿಷ ತೆಗೆದ. ಚೆಂದ ಇದೆ ಅಂದ. ಅವ್ವ ಸೆರಗು ಸರಿ ಮಾಡಿಕೊಂಡು ಪಕ್ಕಕ್ಕೆ ನಿಂತಳು. ಅವನಿಗೆ ಅವ್ವ ಬೇಕಿರಲಿಲ್ಲ, ಶೀಟು ಸಾಕಿತ್ತು.

ಅದೇ ಹುಡುಗ ಆರು ತಿಂಗಳಿಂದ ಊರೂರು ಸುತ್ತುತ್ತಿದ್ದನಂತೆ. ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿದೆ. ಪ್ರವಾಸಿಗರು ಹಾಸಿಗೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಉಳಿಯುವ ಹಾಸ್ಟೆಲ್‌ಗಳಲ್ಲಿ ಕೆಲಸ ಮಾಡುತ್ತೇನೆ, ಹಾಸಿಗೆ ಪುಕ್ಕಟೆ ಸಿಗುತ್ತೆ ಅಂದ. ಏನು ಕೆಲಸ? ಪಾತ್ರೆ ತೊಳೆಯೋದು, ಹಾಸಿಗೆ ಬದಲಿಸೋದು. ನಾನು ಅದನ್ನು ಅವ್ವನಿಗೆ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ.

"ಪಗಾರ ಎಷ್ಟಂತ?"

"ಪಗಾರ ಇಲ್ಲಂತ."

"ಹಂಗಾರ ಅದು ಬಿಟ್ಟಿ ಚಾಕ್ರಿ ಆತು. ಅದನ್ನ ಮಾಡಾಕ ಅಷ್ಟ್ ದೂರ ಹೋಗಬೇಕಾ?"

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಆದರೆ ಆಗ ಉಳಿದದ್ದು ಬೇರೆ ಅರ್ಧ. ದುಡ್ಡಿಲ್ಲದವರೂ ಹೋಗಬಹುದು ಅನ್ನೋ ಅರ್ಧ.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಗಡ್ಡೆಯ ರೆಸಾರ್ಟು, ಗೆಸ್ಟ್‌ಹೌಸುಗಳು ಅನಧಿಕೃತ ಅಂತ. ಮಾರ್ಚಿನಲ್ಲಿ ಜೆಸಿಬಿ ಬಂದವು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ತೀರ್ಪು ಸರಿಯೋ ತಪ್ಪೋ ಅನ್ನುವ ಜಗಳ ನಮ್ಮೂರಿನ ಚಾದಂಗಡಿಯಲ್ಲಿ ಇವತ್ತಿಗೂ ಮುಗಿದಿಲ್ಲ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಅವ್ವ ಎರಡು ಹಂಗಾಮು ಭತ್ತದ ನಾಟಿಗೆ ಹೋದಳು. ಸೊಂಟ ಹಿಡಿದುಕೊಂಡಿತು. ಆಮೇಲೆ ಪ್ರವಾಸಿಗರು ಸಾಣಾಪುರ, ಆನೆಗುಂದಿ ಕಡೆ ಸರಿದರು. ಸಾಣಾಪುರದ ಒಂದು ಹೋಮ್‌ಸ್ಟೇಯಲ್ಲಿ ಅವಳಿಗೆ ಮತ್ತೆ ಶೀಟು ಸಿಕ್ಕವು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಅಲ್ಲೇ ರಿಸೆಪ್ಶನ್ ಕೆಲಸ ಸಿಕ್ಕಿತು.

ವಿದೇಶಿಯರು ಬಂದರೆ ಆಗ 24 ತಾಸಿನೊಳಗೆ ಸಿ ಫಾರ್ಮ್ ತುಂಬಬೇಕಿತ್ತು. ಪಾಸ್‌ಪೋರ್ಟ್ ನಂಬರು, ವೀಸಾ ನಂಬರು, ಎಲ್ಲಿಂದ ಬಂದ, ಎಲ್ಲಿಗೆ ಹೋಗುತ್ತಾನೆ. ಮೂರು ವರ್ಷ ನೂರಾರು ಪಾಸ್‌ಪೋರ್ಟ್ ಮುಟ್ಟಿದೆ. ಪ್ರತಿ ಪುಟದ ಠಸ್ಸೆ ಓದಿದೆ. ಯಾವ ದೇಶದ ಠಸ್ಸೆ ತ್ರಿಕೋನ, ಯಾವುದು ಚೌಕ ಅಂತ ಗೊತ್ತಾಗಿತ್ತು. ಕೊನೆಗೆ 1,500 ರೂಪಾಯಿ ಕಟ್ಟಿ ನಾನೂ ಒಂದು ಪಾಸ್‌ಪೋರ್ಟ್ ಮಾಡಿಸಿಕೊಂಡೆ. ವಿಚಾರಣೆಗೆ ಬಂದ ಪೊಲೀಸರು "ದುಬೈಗೆ ಹೊಂಟಿಯೇನು?" ಅಂದರು. ಸುಮ್ನೆ ತಿರುಗಾಡೋಕೆ ಅಂದಾಗ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

---

ಮೊದಲು ಹೋಗಿದ್ದು ನೇಪಾಳಕ್ಕೆ, 2023ರ ಅಕ್ಟೋಬರ್‌ನಲ್ಲಿ. ಕಾರಣ ಸರಳ. ನಮಗೆ ವೀಸಾ ಬೇಡ, ವಿಮಾನವೂ ಬೇಡ. ಇನ್ನೊಂದು ಕಾರಣ ಜಾಸ್ತಿ ಜನರಿಗೆ ಗೊತ್ತಿಲ್ಲ. 1950ರ ಭಾರತ ನೇಪಾಳ ಒಪ್ಪಂದದ ಪ್ರಕಾರ ಎರಡೂ ದೇಶದವರು ಒಬ್ಬರ ನೆಲದಲ್ಲಿ ಇನ್ನೊಬ್ಬರು ಇರಬಹುದು, ದುಡಿಯಬಹುದು. ಬೇರೆ ದೇಶಗಳಲ್ಲಿ ಹಾಗಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಹಾಸಿಗೆಗೆ ಬದಲಾಗಿ ಕಸ ಗುಡಿಸಿದರೂ ಎಷ್ಟೋ ದೇಶಗಳ ಕಾನೂನಿಗೆ ಅದು ಕೆಲಸವೇ. ದುಡ್ಡು ಮುಟ್ಟಿಲ್ಲ ಅಂದರೆ ನಡೆಯುವುದಿಲ್ಲ. ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ಥರದ ತಾಣಗಳು ವರ್ಷಕ್ಕಿಷ್ಟು ಅಂತ ಫೀಸು ತಗೊಂಡು ಹಾಸ್ಟೆಲ್‌ಗಳ ಪಟ್ಟಿ ಕೊಡುತ್ತವೆ. ವೀಸಾ ಜವಾಬ್ದಾರಿ ಮಾತ್ರ ನಮ್ಮ ತಲೆ ಮೇಲೆ. ವಾಪಸ್ ಕಳಿಸಿದರೆ ಠಸ್ಸೆ ಬೀಳುವುದು ನಮ್ಮ ಪುಸ್ತಕದಲ್ಲಿ.

ರಾಯಚೂರಿಗೆ ಬಸ್ಸು. ಅಲ್ಲಿಂದ ಎರಡು ರೈಲು ಬದಲಿಸಿ ಗೋರಖಪುರ. ಅಲ್ಲಿಂದ ಸುನೌಲಿ ಗಡಿ. ಬ್ಯಾಗಿನಲ್ಲಿ ಅವ್ವ ಕಟ್ಟಿದ ನಲವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ. ನೂರು ರೂಪಾಯಿಗಿಂತ ದೊಡ್ಡ ನಮ್ಮ ನೋಟು ಆಗ ನೇಪಾಳದಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ನೂರರ ನೋಟಿನ ಕಂತೆ ಹೊತ್ತಿದ್ದೆ, ಒಳ್ಳೆ ಬಡ್ಡಿ ವ್ಯಾಪಾರಿ ಥರ. ನಮ್ಮ ನೂರಕ್ಕೆ ಅವರ ನೂರರವತ್ತು. ಗಡಿಯ ಕಮಾನು ದಾಟಿದೆ, ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿದೆ. ವಿದೇಶ ಅಂದರೆ ಹದಿನೈದು ನಿಮಿಷ ಅಷ್ಟೇನಾ ಅನಿಸಿತು.

ಪೋಖರಾದ ಫೇವಾ ಕೆರೆ ದಂಡೆಗೆ ಲೇಕ್‌ಸೈಡ್ ಅನ್ನುತ್ತಾರೆ. ಅಲ್ಲಿ ಗಲ್ಲಿಗೆ ಮೂರು ಹಾಸ್ಟೆಲ್. ಮೊದಲೇ ಮೆಸೇಜ್ ಮಾಡಿ ಮಾತಾಡಿದ್ದ ಒಂದಕ್ಕೆ ಹೋದೆ. ನಾಲ್ಕು ಮಹಡಿ, 38 ಹಾಸಿಗೆ. ಮಾತು ಹೀಗಿತ್ತು: ದಿನಕ್ಕೆ ಐದು ತಾಸು ಕೆಲಸ, ವಾರಕ್ಕೆ ಒಂದು ದಿನ ರಜೆ, ಮಲಗಲು ಒಂದು ಬಂಕು (ಒಂದರ ಮೇಲೊಂದು ಇರುವ ಮಂಚ), ಬೆಳಗಿನ ನಾಷ್ಟಾ. ಮಧ್ಯಾಹ್ನ ರಾತ್ರಿಯದು ನಮ್ಮ ಖರ್ಚು. ನನ್ನ ಜೊತೆ ಇನ್ನಿಬ್ಬರು ಇದ್ದರು. ಪುಣೆಯ ಒಬ್ಬ ಹುಡುಗ, ಬ್ರೆಜಿಲ್‌ನ ಒಬ್ಬ ಹುಡುಗಿ. ನಮ್ಮನ್ನು 'ವಾಲಂಟಿಯರ್' ಅನ್ನುತ್ತಿದ್ದರು. ಆ ಪದಕ್ಕೆ ಒಂದು ಗತ್ತು ಇದೆ, ಅಲ್ವಾ? ನೆರೆ ಬಂದಾಗ ಗಂಜಿ ಹಂಚಿದವರಂತೆ.

ಖರ್ಚು ದಿನಕ್ಕೆ ಮುನ್ನೂರು ರೂಪಾಯಿ ಮೀರುತ್ತಿರಲಿಲ್ಲ, ನಮ್ಮ ಲೆಕ್ಕದಲ್ಲಿ. ಪ್ರವಾಸಿಗರ ಬೀದಿ ಬಿಟ್ಟು ಎರಡು ಗಲ್ಲಿ ಒಳಗೆ ಹೋದರೆ ದಾಲ್ ಭಾತ್ ಮನೆಗಳಿವೆ. ಅನ್ನ, ಬೇಳೆ, ಸೊಪ್ಪು ಸಾಕು ಅನ್ನೋವರೆಗೆ ಹಾಕುತ್ತಾರೆ. ನಾನು ಗಂಗಾವತಿಯವನು, ಅನ್ನದ ಊರಿನವನು. ಅವರಿಗೆ ನಷ್ಟ ಆಗಿರಲಿಕ್ಕೆ ಸಾಕು. ರಾತ್ರಿ ರೊಟ್ಟಿ ಮುರಿದು ಚಟ್ನಿ ಪುಡಿಗೆ ಮೊಸರು ಕಲಸಿ ತಿನ್ನುತ್ತಿದ್ದೆ. ಬ್ರೆಜಿಲ್ ಹುಡುಗಿ ಕಟಕ ರೊಟ್ಟಿಯನ್ನು ಚಿಪ್ಸ್ ಅಂದುಕೊಂಡು ಒಂದೇ ಕೂತಲ್ಲಿ ಮೂರು ಮುಗಿಸಿದಳು. ನನಗೆ ಹೊಟ್ಟೆ ಉರಿಯಿತು. ನಲವತ್ತರ ಲೆಕ್ಕ ಇಟ್ಟಿದ್ದೆ.

ಕೆಲಸ ನನಗೆ ಹೊಸದಲ್ಲ. ಹನ್ನೊಂದಕ್ಕೆ ಚೆಕ್‌ಔಟ್. ಶೀಟು ಎಳೆ, ದಿಂಬಿನ ಚೀಲ ಬಿಚ್ಚು, ಮಂಚದ ಕೆಳಗೆ ಬಗ್ಗಿ ನೋಡು. ಬಿಟ್ಟು ಹೋದ ಚಾರ್ಜರ್, ಒಂಟಿ ಸಾಕ್ಸು, ಅರ್ಧ ಓದಿದ ಪುಸ್ತಕ. ಗಾದಿಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಬಿಡಿಸಿ ನೋಡಬೇಕು. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಂಡರೆ ತಗಣಿ ಅಂತ ಅರ್ಥ. ಆಗ ಇಡೀ ರೂಮು ಖಾಲಿ ಮಾಡಿಸಿ, ಬಟ್ಟೆ ಎಲ್ಲ ಕುದಿನೀರಿಗೆ. ಪುಣೆ ಹುಡುಗನಿಗೆ ಇದನ್ನೆಲ್ಲ ನಾನೇ ಹೇಳಿಕೊಟ್ಟೆ. ಶೀಟಿನ ಮೂಲೆಯನ್ನು ಲಕೋಟೆಯಂತೆ ಮಡಚಿ ಗಾದಿ ಕೆಳಗೆ ಸೇರಿಸುವುದನ್ನೂ. ಎಲ್ಲಿ ಕಲಿತೆ ಅಂತ ಅವನು ಕೇಳಿದ. ಹೋಟೆಲ್ ಮ್ಯಾನೇಜ್‌ಮೆಂಟ್ ಅಂದುಬಿಟ್ಟೆ. ಅವ್ವನ ಹತ್ತಿರ ಅನ್ನೋಕೆ ಯಾಕೆ ಬಾಯಿ ಬರಲಿಲ್ಲವೋ.

ಅಲ್ಲಿ ಒಬ್ಬ ದೀದಿ ಇದ್ದಳು. ನಲವತ್ತರ ಆಸುಪಾಸು. ಶೀಟು ಒಗೆಯುವುದು, ಕಕ್ಕಸು ತೊಳೆಯುವುದು ಅವಳ ಕೆಲಸ. ದಿನಗೂಲಿ, 800 ನೇಪಾಳಿ ರೂಪಾಯಿ. ನಾನು ಹೋದ ವಾರದಲ್ಲೇ ದಸೈಂ ಶುರುವಾಯಿತು. ನಮ್ಮ ದಸರೆಯೇ, ಆದರೆ ಅವರಿಗೆ ವರ್ಷದ ದೊಡ್ಡ ಹಬ್ಬ. ಎಲ್ಲರೂ ಊರಿಗೆ ಹೋಗುತ್ತಾರೆ. ಹಬ್ಬ ಬರುವುದೂ ಟ್ರೆಕ್ಕಿಂಗ್ ಸೀಸನ್ ಏರುವುದೂ ಒಂದೇ ಹೊತ್ತಿಗೆ. ದೀದಿ ಹತ್ತು ದಿನ ಊರಿಗೆ ಹೋದಳು. ಆ ಹತ್ತು ದಿನ ನಾವು ಮೂವರೇ ಹಾಸ್ಟೆಲ್ ನಡೆಸಿದೆವು. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ಹಣೆಗೆ ಅಕ್ಕಿ ಮೊಸರಿನ ಕೆಂಪು ಟೀಕಾ ಹಚ್ಚಿಸಿಕೊಂಡು, ತಾರಸಿ ಮೇಲೆ ಶೀಟು ಒಣಹಾಕುತ್ತಾ, ಎದುರಿಗೆ ಮಚ್ಛಾಪುಚ್ಛ್ರೆ ನೋಡುತ್ತಾ. 6,993 ಮೀಟರ್ ಎತ್ತರ. ಪವಿತ್ರ ಅಂತ ಅದನ್ನು ಹತ್ತಲು ಯಾರನ್ನೂ ಬಿಡುವುದಿಲ್ಲ. ನಮ್ಮ ಅಂಜನಾದ್ರಿಗೆ 575 ಮೆಟ್ಟಿಲು ಕಟ್ಟಿ ಎಲ್ಲರನ್ನೂ ಹತ್ತಿಸುತ್ತೇವೆ. ಅವರವರ ಪದ್ಧತಿ.

ದೀದಿ ವಾಪಸ್ ಬಂದಳು. ಬಂದ ಮೂರನೇ ದಿನ ಅವಳು ಕಾಣಲಿಲ್ಲ. ನಾಲ್ಕನೇ ದಿನ ಬಂದಳು. ಐದನೇ ದಿನ ಇಲ್ಲ. ನಾನು ಜ್ವರ ಇರಬೇಕು ಅಂದುಕೊಂಡೆ. ಮಾಲೀಕರನ್ನು ಕೇಳಿದೆ. ಒಳ್ಳೆಯ ಮನುಷ್ಯ, ನಮ್ಮನ್ನು ಮನೆಗೆ ಕರೆದು ಊಟ ಹಾಕಿದವರು. ಅವರು ಕಣ್ಣು ಪಿಳುಕಿಸದೆ ಹೇಳಿದರು. ನೀವು ಮೂವರು ಇದ್ದೀರಲ್ಲ, ದಿನಾ ಬರುವುದು ಬೇಡ ಅಂದಿದ್ದೇನೆ, ದಿನ ಬಿಟ್ಟು ದಿನ ಸಾಕು.

ನನ್ನ ಬಂಕಿನ ಬಾಡಿಗೆ ದಿನಕ್ಕೆ 600 ನೇಪಾಳಿ ರೂಪಾಯಿ, ಅಂದರೆ ನಮ್ಮ 375. ನಾನು ಅದನ್ನು ಉಳಿಸಿದೆ ಅಂತ ದಿನಾ ಸಂಜೆ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅವತ್ತು ಆ ಪುಟದ ಪಕ್ಕದಲ್ಲಿ 800 ಅಂತ ಬರೆದು, ಮುಂದೆ ಏನು ಬರೆಯಬೇಕು ಗೊತ್ತಾಗದೆ ಮುಚ್ಚಿಟ್ಟೆ.

ಮರುದಿನ ತಾರಸಿ ಮೇಲೆ ದೀದಿ ಸಿಕ್ಕಳು. ಅವಳ ಹಿಂದಿ, ನನ್ನ ಹಿಂದಿ ಎರಡೂ ಹರಕು. ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು.

"ಭಾಯ್, ನಿಮ್ಮ ಊರಲ್ಲಿ ಕೆಲಸ ಇಲ್ಲವಾ?"

"ಇದೆ ದೀದಿ. ಹೋಟೆಲಲ್ಲೇ."

"ಏನು ಕೆಲಸ?"

"ಇದೇ."

ಅವಳು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ನಕ್ಕಳು. ಆಮೇಲೆ ಹೇಳಿದಳು. ಅವಳ ಗಂಡ ಬೆಂಗಳೂರಿನಲ್ಲಿ ವಾಚ್‌ಮನ್. ಯಾವುದೋ ಅಪಾರ್ಟ್‌ಮೆಂಟು, ಹೆಸರು ಬರದು. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. "ಅವನು ನಿಮ್ಮ ಕಡೆ ಪಗಾರಕ್ಕೆ ಹೋಗಿದ್ದಾನೆ. ನೀನು ನಮ್ಮ ಕಡೆ ಬಂದು ಪುಕ್ಕಟೆ ಮಾಡ್ತೀಯ. ನಿಮ್ಮಲ್ಲಿ ಶೀಟು ಇಲ್ಲವಾ?"

ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಅದೇ ಕಷ್ಟ. ಸಿಟ್ಟಾಗಿದ್ದರೆ ಒಂದು ಕ್ಷಮೆ ಕೇಳಿ ಮುಗಿಸಬಹುದಿತ್ತು. ಅವಳ ಗಂಡ ಬೆಂಗಳೂರಿಗೆ ಬಂದದ್ದೂ ನಾನು ಪೋಖರಾಕ್ಕೆ ಹೋದದ್ದೂ ಅದೇ 1950ರ ಒಪ್ಪಂದದ ಬಾಗಿಲಿನಿಂದ.

ಅಷ್ಟರಲ್ಲಿ ಒಬ್ಬ ಅತಿಥಿ ಕ್ಯಾಮೆರಾ ಹಿಡಿದು ಮೇಲೆ ಬಂದ. ಹಗ್ಗದ ಮೇಲಿನ ಶೀಟು ಬೆಟ್ಟಕ್ಕೆ ಅಡ್ಡ ಬರುತ್ತಿದೆ, ಸ್ವಲ್ಪ ಸರಿಸುತ್ತೀರಾ ಅಂದ. ದೀದಿ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಹಸಿ ಶೀಟು ಹಿಡಿದುಕೊಂಡು ಇಬ್ಬರೂ ಗೋಡೆ ಪಕ್ಕ ನಿಂತೆವು. ಅವನು ಇಪ್ಪತ್ತು ನಿಮಿಷ ತೆಗೆಯಲಿಲ್ಲ, ಐದೇ ನಿಮಿಷ. ಥ್ಯಾಂಕ್ಸ್ ಅಂದು ಇಳಿದ.

ನಾನು ಅವತ್ತೇ ಕೆಲಸ ಬಿಟ್ಟೆ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಇನ್ನೂ ಮೂರು ವಾರ ಇದ್ದೆ. ಬಂಕು ಪುಕ್ಕಟೆ, ಬೆಟ್ಟ ಎದುರಿಗೆ, ಕೈಯಲ್ಲಿ ದುಡ್ಡು ಕಮ್ಮಿ. ಮಾಲೀಕರ ಹತ್ತಿರ ಹೋಗಿ, ನಾನು ರಿಸೆಪ್ಶನ್ ನೋಡಿಕೊಳ್ಳುತ್ತೇನೆ, ಹಿಂದಿ, ಇಂಗ್ಲಿಷ್ ಮೆಸೇಜುಗಳಿಗೆ ಉತ್ತರ ಕೊಡುತ್ತೇನೆ, ಶೀಟಿಗೆ ದೀದಿಯನ್ನು ದಿನಾ ಕರೆಯಿರಿ ಅಂದೆ. ಅವರು ನಕ್ಕು "ನೋಡೋಣ" ಅಂದರು. ಎರಡು ವಾರ ದಿನಾ ಕರೆದರು. ಆಮೇಲೆ ಜರ್ಮನಿಯ ಇಬ್ಬರು ವಾಲಂಟಿಯರ್ ಬಂದರು.

ಆ ನಡುವೆ ನವೆಂಬರ್ 3ರ ನಡುರಾತ್ರಿ ಬಂಕು ಅಲ್ಲಾಡಿತು. ಮೇಲಿನವನು ಮಗ್ಗುಲು ಬದಲಿಸಿದ ಅಂದುಕೊಂಡು ಮಲಗಿಯೇ ಇದ್ದೆ. ಎಲ್ಲರೂ ಬೀದಿಗೆ ಓಡಿದ ಮೇಲೆ ಎದ್ದೆ. ಪಶ್ಚಿಮದ ಜಾಜರಕೋಟ್‌ನಲ್ಲಿ ಭೂಕಂಪ, ನೂರೈವತ್ತಕ್ಕೂ ಜಾಸ್ತಿ ಜನ ಸತ್ತರು ಅಂತ ಬೆಳಗ್ಗೆ ಗೊತ್ತಾಯಿತು. ಅವತ್ತು ದೀದಿಯ ಪಾಳಿ ಇರಲಿಲ್ಲ. ಆದರೂ ಆರು ಗಂಟೆಗೇ ಬಂದು ನಾವೆಲ್ಲ ಇದ್ದೇವಾ ಅಂತ ತಲೆ ಎಣಿಸಿ ಹೋದಳು.

---

ಆ ಹಾಸ್ಟೆಲ್ಲಿನ ಗೋಡೆ ಮೇಲೆ ಒಂದು ಕಥೆ ಬರೆದು ಅಂಟಿಸಿದ್ದರು. ರಿಚರ್ಡ್ ಶಿರ್ಮನ್ ಅಂತ ಜರ್ಮನಿಯ ಒಬ್ಬ ಮೇಷ್ಟ್ರು. 1909ರ ಆಗಸ್ಟ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯ ಪ್ರವಾಸ ಹೊರಟಿದ್ದರು. ದಾರಿಯಲ್ಲಿ ಗುಡುಗು ಮಳೆ. ಒಂದು ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರೈತರೊಬ್ಬರು ಹುಲ್ಲು ಕೊಟ್ಟರು, ಅದೇ ಹಾಸಿಗೆ. ಮಕ್ಕಳು ನಿದ್ದೆ ಹೋದರು, ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಊರೂರ ಶಾಲೆಗಳನ್ನು ಹೀಗೆ ತೆರೆದರೆ ಬಡ ಮಕ್ಕಳೂ ದೇಶ ನೋಡಬಹುದಲ್ಲ ಅಂತ ಯೋಚಿಸಿದರು. 1912ರಲ್ಲಿ ಆಲ್ಟೆನಾ ಅನ್ನೋ ಊರಿನ ಹಳೇ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ಶುರುವಾಯಿತು. ಹಳೇ ಯೂತ್ ಹಾಸ್ಟೆಲ್‌ಗಳಲ್ಲಿ ಬಂದವರೇ ಗುಡಿಸಬೇಕು, ಪಾತ್ರೆ ತೊಳೆಯಬೇಕು, ಹಾಸಿಗೆ ಮಡಚಬೇಕು. ಎಲ್ಲರೂ ಅವರವರ ಪಾಲಿನದು.

ನಮ್ಮ ಮಠಗಳಲ್ಲೂ ಇದೇ ರೀತಿ. ಕೊಪ್ಪಳದ ಗವಿಮಠದ ಜಾತ್ರೆಗೆ ಬಂದವರು ರೊಟ್ಟಿ ತರುತ್ತಾರೆ, ದಾಸೋಹದಲ್ಲಿ ಬಡಿಸಲು ನಿಲ್ಲುತ್ತಾರೆ. ಅಲ್ಲಿ ಬಡಿಸುವವನೂ ಉಣ್ಣುವವನೂ ಒಬ್ಬನೇ, ಪಂಕ್ತಿ ಮಾತ್ರ ಬೇರೆ. ಅದಕ್ಕೆ ಯಾರೂ ಬಿಟ್ಟಿ ಚಾಕರಿ ಅನ್ನುವುದಿಲ್ಲ. ಅವ್ವನೂ ವರ್ಷಾ ಹೋಗುತ್ತಾಳೆ. ಪೋಖರಾದಲ್ಲಿ ನಾನು ಮಡಚಿದ್ದು ಬೇರೆಯವರ ಹಾಸಿಗೆ. ಬಾಡಿಗೆ ಮಾಲೀಕರ ಗಲ್ಲಾಕ್ಕೆ ಹೋಗುತ್ತಿತ್ತು, ಕೂಲಿ ದೀದಿಯ ಕೈ ತಪ್ಪುತ್ತಿತ್ತು. ಇಷ್ಟು ಸಣ್ಣ ಲೆಕ್ಕ ಹಾಕೋಕೆ ನನಗೆ ಒಂದು ತಿಂಗಳು ಬೇಕಾಯಿತು. ಡಿಗ್ರಿ ಬಿಕಾಂ.

---

ಜನವರಿಯಲ್ಲಿ ವಿಯೆಟ್ನಾಂಗೆ ಹೋದೆ. ಇ-ವೀಸಾ 25 ಡಾಲರ್, ತೊಂಬತ್ತು ದಿನ ಇರಬಹುದು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಇಲ್ಲದೆ ಬಿಡತೊಡಗಿತ್ತು. ಹಾಗಾಗಿ ಕ್ವಾಲಾಲಂಪುರದಲ್ಲಿ ಎರಡು ದಿನ ಇಳಿದು ಹೋದರೆ ಟಿಕೆಟ್ ಅಗ್ಗ ಬಿತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಎರಡು ಪೆಟ್ಟು ತಿಂದೆ. ಅಗ್ಗದ ಟಿಕೆಟ್ಟಿಗೆ ಕೈಚೀಲ ಏಳು ಕೆಜಿ. ನನ್ನದು ಒಂಬತ್ತು ಚಿಲ್ಲರೆ. ಮೂರು ಅಂಗಿ ಒಂದರ ಮೇಲೊಂದು ಹಾಕಿಕೊಂಡು, ಜೇಬಿನಲ್ಲಿ ಚಾರ್ಜರ್ ತುರುಕಿ, ಇಡ್ಲಿ ಪಾತ್ರೆಯಂತೆ ಬೆವರುತ್ತಾ ನಿಂತೆ. ಆಮೇಲೆ ತಪಾಸಣೆಯಲ್ಲಿ ಚಟ್ನಿ ಪುಡಿ ತೆಗೆದಿಟ್ಟರು. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಇದು ಖಾರದ ಪುಡಿ ಅಲ್ಲ, ಶೇಂಗಾ ಪುಡಿ ಅಂತ ವಾದಿಸಿದೆ. ಅವರು ಡಬ್ಬಿ ತೆಗೆದು ಮೂಸಿದರು. ಸೀನು ಬಂತು. ವಾದ ಅಲ್ಲಿಗೆ ಮುಗಿಯಿತು. ರೊಟ್ಟಿ ಮಾತ್ರ ಬಿಟ್ಟರು.

ಅಲ್ಲಿ ನಾನು ಹಾಸಿಗೆಗೆ ದುಡ್ಡು ಕೊಟ್ಟೆ. ಪ್ರವಾಸಿ ವೀಸಾದ ಭಯ ಅರ್ಧ, ದೀದಿ ಅರ್ಧ. ಹೋಯ್ ಆನ್ ಅನ್ನೋ ಹಳೇ ಬಂದರು ಊರಿನಲ್ಲಿ ಎಂಟು ಜನರ ರೂಮಿನ ಒಂದು ಬಂಕಿಗೆ 1,60,000 ಡಾಂಗ್. ಗಾಬರಿ ಬೇಡ, ಒಂದು ರೂಪಾಯಿಗೆ ಸುಮಾರು 300 ಡಾಂಗ್. ಮೂರು ಸೊನ್ನೆ ಹೊಡೆದು, ಮೂರರಿಂದ ಗುಣಿಸಿ, ಮೇಲೆ ಸ್ವಲ್ಪ ಸೇರಿಸಿದರೆ ನಮ್ಮ ಲೆಕ್ಕ. ಐನೂರ ಮೂವತ್ತರ ಹತ್ತಿರ. ರಿಸೆಪ್ಶನ್ ಹುಡುಗಿ ನನ್ನ ಪಾಸ್‌ಪೋರ್ಟ್ ತಗೊಂಡು ಪೊಲೀಸರ ಪೋರ್ಟಲ್ಲಿಗೆ ವಿವರ ತುಂಬತೊಡಗಿದಳು. ನಮ್ಮ ಸಿ ಫಾರ್ಮಿನ ಅಕ್ಕನೋ ತಂಗಿಯೋ. ಹುಟ್ಟಿದ ಊರು ಎಲ್ಲಿದೆ ಅಂತ ಹುಡುಕುತ್ತಿದ್ದಳು. ಇಲ್ಲಿ ಅಂತ ಬೆರಳಿಟ್ಟು ತೋರಿಸಿದೆ. ಆಶ್ಚರ್ಯದಿಂದ ನೋಡಿದಳು.

ಊಟದ ಬಗ್ಗೆ ಎಲ್ಲರೂ ಹೆದರಿಸಿದ್ದರು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ 'ಚಾಯ್' ಅಂದರೆ ಸಸ್ಯಾಹಾರ. ಅಮಾವಾಸ್ಯೆಗೂ ಹುಣ್ಣಿಮೆಗೂ ಬೌದ್ಧರು ಮಾಂಸ ಬಿಡುತ್ತಾರೆ. ಅವತ್ತು ರಸ್ತೆ ಬದಿಯಲ್ಲೆಲ್ಲ 'ಕೋಮ್ ಚಾಯ್' ಬೋರ್ಡು. ನನ್ನ ಫೋನಿನಲ್ಲಿ ಅವ್ವ ಕಳಿಸಿದ ಪಂಚಾಂಗದ ಫೋಟೋ ಇತ್ತು. ಊಟದ ಅಂಗಡಿ ಹುಡುಕಲು ಗೂಗಲ್ ಮ್ಯಾಪಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬಂತು.

ಹೋಯ್ ಆನ್ ಪಕ್ಕದ ತೆಂಗಿನ ಕಾಲುವೆಗಳಿಗೆ ಹೋದ ದಿನ ನಾನು ದಂಡೆಯಲ್ಲೇ ಕೂತುಬಿಟ್ಟೆ. ನೀರಿನ ಮೇಲೆ ನಮ್ಮ ತೆಪ್ಪ! ದುಂಡಗೆ, ಬಿದಿರು ಹೆಣೆದದ್ದು, ಒಂದೇ ಹುಟ್ಟು. ಅವರು ಸೆಗಣಿ ಬಳಿದು, ಅದರ ಮೇಲೆ ಮರದ ಅಂಟೆಣ್ಣೆ ಹಚ್ಚುತ್ತಿದ್ದರಂತೆ. ನಾವು ಪ್ಲಾಸ್ಟಿಕ್ ಸುತ್ತಿ ಡಾಂಬರು ಬಳಿಯುತ್ತೇವೆ. ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪಾಯಸ್ ಅದನ್ನು ನೋಡಿ ಬರೆದಿಟ್ಟಿದ್ದಾನೆ, ಬುಟ್ಟಿಯಂಥ ದುಂಡು ದೋಣಿ, ಹದಿನೈದು ಇಪ್ಪತ್ತು ಜನ ಕೂರಬಹುದು ಅಂತ. ಹೋಯ್ ಆನ್‌ನಲ್ಲಿ ಅಂಬಿಗ ಪ್ರವಾಸಿಗರನ್ನು ಕೂರಿಸಿಕೊಂಡು ಗರಗರ ತಿರುಗಿಸುತ್ತಿದ್ದ. ಅವರು ಕಿರುಚುತ್ತಿದ್ದರು. ಸಾಣಾಪುರ ಕೆರೆಯಲ್ಲಿ ನನ್ನ ಸೋದರಮಾವ ಮಾಡುವುದೂ ಅದನ್ನೇ. ಹೊಳೆ ದಾಟಿಸಲು ಹುಟ್ಟಿದ ತೆಪ್ಪ ಎರಡೂ ಕಡೆ ನಿಂತಲ್ಲೇ ಸುತ್ತುತ್ತಾ ಹೊಟ್ಟೆ ಹೊರೆಯುತ್ತಿದೆ. ಮಾವನಿಗೆ ವಿಡಿಯೋ ಕಳಿಸಿದೆ. "ಅವ ಎಡಕ್ಕ ತಿರುವಾಕತ್ಯಾನ, ಸೊಂಟ ನೋಯತೈತಿ ಅಂತ ಹೇಳು" ಅಂತ ವಾಯ್ಸ್ ಮೆಸೇಜ್ ಬಂತು.

ಮೀ ಸನ್ ಅಲ್ಲಿಂದ 40 ಕಿಲೋಮೀಟರ್. ಹಿಂದೆ ಆ ಭಾಗ ಆಳಿದ ಚಂಪಾ ಅರಸರ ಶಿವಾಲಯಗಳು, ಕೆಂಪು ಇಟ್ಟಿಗೆಯವು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನೋ ಅರಸ ಲಿಂಗ ಸ್ಥಾಪಿಸಿ ತನ್ನ ಹೆಸರಿನ ಜೊತೆ ಸೇರಿಸಿ ಭದ್ರೇಶ್ವರ ಅಂತ ಕರೆದ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಜಾಸ್ತಿ ಪಾಲು ಹೋಯಿತು. ಗುಂಡಿಗಳು ಈಗಲೂ ಇವೆ, ಹುಲ್ಲು ಬೆಳೆದಿದೆ. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿ ಮಾಡುವಾಗ 2020ರಲ್ಲಿ ಒಂಬತ್ತನೇ ಶತಮಾನದ ಒಂದು ಏಕಶಿಲಾ ಲಿಂಗ ಸಿಕ್ಕಿತು. ಗಡ್ಡೆಯಲ್ಲಿ ಜೆಸಿಬಿ ಓಡಾಡಿದ ವರ್ಷವೇ. ಇದರಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಹಾಗೆ ನೆನಪಾಯಿತು ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಫ್ರೆಂಚ್ ಅಜ್ಜ ನೀನು ಎಲ್ಲಿಯವನು ಅಂದ. ಹಂಪಿ ಅಂದೆ. ಆನೆಗುಂದಿ, ಗಂಗಾವತಿ, ಕೊಪ್ಪಳ ಯಾವುದೂ ಹೊರಗೆ ನಡೆಯುವ ನೋಟಲ್ಲ.

ಫೆಬ್ರವರಿ 10ಕ್ಕೆ ಟೆಟ್, ಅವರ ಹೊಸ ವರ್ಷ. ಮತ್ತೆ ಅದೇ ಕಥೆ. ಹಾಸ್ಟೆಲ್ಲಿನ ಕೆಲಸದವರೆಲ್ಲ ಊರಿಗೆ. ಅಂಗಡಿ ಬಂದ್. ಇಬ್ಬರು ಇಂಗ್ಲೆಂಡ್ ಹುಡುಗರು ವಾಲಂಟಿಯರ್ ಇದ್ದರು, ರಾತ್ರಿ ಕುಡಿದು ಬೆಳಗ್ಗೆ ಏಳುತ್ತಿರಲಿಲ್ಲ. ಶೀಟು ರಾಶಿ ಬಿದ್ದವು. ಎರಡನೇ ದಿನ ಕೈ ತಡೆಯಲಿಲ್ಲ. ಹೋಗಿ ಎಂಟು ಬಂಕಿನ ಶೀಟು ಬದಲಿಸಿಬಿಟ್ಟೆ. ದುಡ್ಡು ಕೊಟ್ಟು ಮಲಗಿದವನು ಕೆಲಸವನ್ನೂ ಮಾಡಿದ ಅಂತ ಅವ್ವನಿಗೆ ಹೇಳಿದರೆ ಬೈಗುಳ ಗ್ಯಾರಂಟಿ. ರಿಸೆಪ್ಶನ್ ಹುಡುಗಿ ಹಬ್ಬ ಮುಗಿಸಿ ಬಂದವಳು ನನಗೊಂದು ಕೆಂಪು ಲಕೋಟೆ ಕೊಟ್ಟಳು. ಒಳಗೆ 20,000 ಡಾಂಗಿನ ಹೊಸ ನೋಟು. ಹಾಸ್ಟೆಲ್ ಶೀಟಿಗಾಗಿ ನನ್ನ ಕೈಗೆ ಬಂದ ಮೊದಲ ವಿದೇಶಿ ಪಗಾರ, 66 ರೂಪಾಯಿ.

---

ಎರಡೂ ಪ್ರಯಾಣ ಸೇರಿ ಮೂರೂವರೆ ತಿಂಗಳು, 94,000 ರೂಪಾಯಿ. ಮೂರು ವರ್ಷದ ಉಳಿತಾಯ. ಕಮ್ಮಿ ಅಂತ ಹೇಳುವವರಿದ್ದಾರೆ. ಅವ್ವನ ಒಂದು ವರ್ಷದ ಪಗಾರಕ್ಕಿಂತ ಜಾಸ್ತಿ.

ವಾಪಸ್ ಬಂದ ಮೇಲೆ ಅವ್ವನಿಗೆ ಫೋನಿನಲ್ಲಿ ಎಲ್ಲ ತೋರಿಸಿದೆ. ಹಿಮಬೆಟ್ಟ, ಲಾಟೀನು ಹಚ್ಚಿದ ಬೀದಿ, ಭದ್ರೇಶ್ವರ. "ಚಲೋ ಐತಿ" ಅನ್ನುತ್ತಾ ಸರಸರ ಸರಿಸಿದಳು. ಪೋಖರಾದ ಒಂದು ರೂಮಿನ ಫೋಟೋಗೆ ಬಂದಾಗ ಬೆರಳು ನಿಂತಿತು. ನಾನೇ ಹಾಸಿದ ಬಂಕುಗಳು, ಹೆಮ್ಮೆಯಿಂದ ತೆಗೆದದ್ದು. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿದಳು.

"ಈ ಮೂಲಿ ಯಾರು ಮಡಚ್ಯಾರ?"

"ನಾನ."

"ಸಡ್ಲ ಆಗೇತಿ. ಹೊಳ್ಳಾಡಿದ್ರ ಬಿಚ್ಚತೈತಿ."

ದೀದಿಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಕೆಯ ಗಂಡ ಬೆಂಗಳೂರಿನಲ್ಲಿ ಯಾವ ಏರಿಯಾ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. "ಅಷ್ಟ್ ದಿನ ಇದ್ದು ಅದನ್ನೂ ಕೇಳಲಿಲ್ಲೇನು" ಅಂದು ಎದ್ದು ಹೋದಳು.

ನಾನು ಮತ್ತೆ ಸಾಣಾಪುರದ ಅದೇ ಕೌಂಟರಿನಲ್ಲಿ ಕೂತಿದ್ದೇನೆ. ಹೋದ ವಾರ ಒಂದು ಮೇಲ್ ಬಂತು. ಸ್ಪೇನ್‌ನ ಒಬ್ಬ ಹುಡುಗಿ, ಬಂಡೆ ಹತ್ತುವವಳು. ಡಿಸೆಂಬರ್‌ನಲ್ಲಿ ಆರು ವಾರ ಇರುತ್ತಾಳಂತೆ. ದಿನಕ್ಕೆ ಐದು ತಾಸು ಯಾವ ಕೆಲಸವಾದರೂ ಸರಿ, ಹಾಸಿಗೆ ಹಾಸುವುದು ಚೆನ್ನಾಗಿ ಬರುತ್ತೆ, ಬದಲಿಗೆ ಒಂದು ಬೆಡ್ ಕೊಟ್ಟರೆ ಸಾಕು. ಮಾಲೀಕರು ಓದಿ ಖುಷಿಯಾದರು. ಒಳ್ಳೆ ಇಂಗ್ಲಿಷಿನಲ್ಲಿ ಬಾ ಅಂತ ಬರೆದುಬಿಡು ಅಂದರು.

ಕಿಟಕಿಯಲ್ಲಿ ಅವ್ವ ಕಾಣುತ್ತಿದ್ದಳು. ಹನ್ನೊಂದೂವರೆ. ಬಂಡೆ ಮೇಲೆ ಆರು ಶೀಟು ಹಾಸಿ ಏಳನೆಯದನ್ನು ಝಾಡಿಸುತ್ತಿದ್ದಳು. ಹೊರಗೆ ಹೋಗಿ ವಿಷಯ ಹೇಳಿದೆ.

"ಬರ್ಲಿ ಬಿಡು, ಪಾಪ. ಗಾದಿ ಹೊರಾಕ ಒಂದ್ ಕೈ ಆಕ್ಕೈತಿ," ಅಂದಳು. ಕಲ್ಲು ಹೇರಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ನನ್ನ ಪಗಾರ ನನಗ ಕೊಡಾಕ ಹೇಳು ಮತ್ತ."

ಒಳಗೆ ಬಂದು ಉತ್ತರ ಬರೆದೆ. ಬೆಡ್ ಇದೆ, ದಿನಕ್ಕೆ 400 ರೂಪಾಯಿ, ಆರು ವಾರಕ್ಕೆ ಆದರೆ 350. ಕೆಲಸಕ್ಕೆ ನಮ್ಮಲ್ಲಿ ಜನ ಇದ್ದಾರೆ. ಹಾಸಿಗೆ ಹಾಸುವುದನ್ನು ಇನ್ನೂ ಚೆನ್ನಾಗಿ ಕಲಿಯಬೇಕಿದ್ದರೆ ಕಲಿಸುವವರೂ ಇದ್ದಾರೆ.

ಎರಡು ದಿನ ಬಿಟ್ಟು ಬರುತ್ತೇನೆ ಅಂತ ಬರೆದಿದ್ದಾಳೆ. ಅಡ್ವಾನ್ಸ್ ಕೂಡ ಹಾಕಿದ್ದಾಳೆ. ಮಾಲೀಕರಿಗೆ ಇನ್ನೂ ಹೇಳಿಲ್ಲ.